ಎರಡು ಬಾಣದ ಸಂದೇಶ

ವಾಟ್ಸ್‌ಆಪ್ ಸಂದೇಶದ ನೆತ್ತಿಯ ಮೇಲೆ ಎರಡು ಪುಟ್ಟ ಬಾಣ ಕಂಡರೆ, ಅದು ಕನಿಷ್ಠ ಐದು ಕೈ ದಾಟಿ ಬಂದದ್ದು ಎಂದರ್ಥ. 2018ರ ಜುಲೈನಲ್ಲಿ ಈ ಗುರುತು ಇರಲಿಲ್ಲ. ಆಗ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ಮಕ್ಕಳ ಕಳ್ಳರೆಂದು ನಂಬಿ ಜನ ಹೊಡೆದರು. ಹೈದರಾಬಾದಿನ ಒಬ್ಬ ಯುವಕ ಸತ್ತ. ಆ ಅಪರಿಚಿತರ ಕಾರು ಮುರ್ಕಿ ಮುಟ್ಟುವ ಮೊದಲೇ, ಅವರು ಮಕ್ಕಳ ಕಳ್ಳರೆನ್ನುವ ವಿಡಿಯೊ ವಾಟ್ಸ್‌ಆಪ್‌ನಲ್ಲಿ ಅಲ್ಲಿಗೆ ಮುಟ್ಟಿತ್ತು. ಅದನ್ನು ಹಂಚಿದ ಬಹುಪಾಲು ಜನ ತಮ್ಮವರನ್ನು ಎಚ್ಚರಿಸುತ್ತಿದ್ದೇವೆ ಎಂದೇ ಅಂದುಕೊಂಡಿರಬೇಕು.

ಅದೇ ತಿಂಗಳು ವಾಟ್ಸ್‌ಆಪ್, ಭಾರತದಲ್ಲಿ ಒಮ್ಮೆಗೆ ಐದೇ ಚಾಟ್‌ಗೆ ಫಾರ್ವರ್ಡ್ ಎಂಬ ಮಿತಿ ಪ್ರಕಟಿಸಿತು. 2020ರ ಏಪ್ರಿಲ್‌ನಲ್ಲಿ ಎರಡು ಬಾಣದ ಸಂದೇಶಕ್ಕೆ ಒಮ್ಮೆಗೆ ಒಂದೇ ಚಾಟ್. ಕಂಪನಿಯೇ ಕೊಟ್ಟ ಲೆಕ್ಕದಂತೆ ಅಂಥವುಗಳ ಓಡಾಟ ಶೇ 70ರಷ್ಟು ಇಳಿಯಿತು. ಗಮನಿಸಿ, ಯಾರ ಬಾಯಿಗೂ ಬೀಗ ಹಾಕಿರಲಿಲ್ಲ. ಬೇಕೆಂದವರು ಒಂದೊಂದೇ ಚಾಟ್‌ಗೆ ಮತ್ತೆ ಮತ್ತೆ ಕಳಿಸಬಹುದಿತ್ತು. ಅಷ್ಟು ಸಣ್ಣ ತಡೆಗೇ ಕೈ ನಿಂತಿತೆಂದರೆ, ನಮ್ಮ ಹಂಚಿಕೆಯ ದೊಡ್ಡ ಪಾಲು ಬರೀ ಬೆರಳಿನ ರೂಢಿ.

ಹೀಗೆ ಹಂಚುವುದನ್ನು ತಡ ಮಾಡಿದರೆ ನಿಜವಾದ ಎಚ್ಚರಿಕೆಯೂ ತಡವಾಗುವುದಿಲ್ಲವೇ? ಕೇಳಬೇಕಾದ ಪ್ರಶ್ನೆಯೇ. ಆದರೆ ನಿಜವಾದ ಎಚ್ಚರಿಕೆಯಲ್ಲಿ ಊರು, ತಾರೀಕು, ಹೇಳಿದವರು ಯಾರು ಎಂಬುದು ಸಾಮಾನ್ಯವಾಗಿ ಇರುತ್ತದೆ. ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಲು ಅಷ್ಟು ಸಾಕು. ಇವ್ಯಾವುದೂ ಇಲ್ಲದ ವಿಡಿಯೊವನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿದಾಗ, ಅತ್ತೆ, ಚಿಕ್ಕಪ್ಪ ಅದನ್ನು ನಂಬುವುದು ಕಳಿಸಿದ ನಿಮ್ಮ ಮುಖ ನೋಡಿ.