ಕಟ್ಟಿಟ್ಟ ದೋಣಿನೂ ಬಿರುಗಾಳಿ ಬಿಡಲ್ಲ

2024ರ ಅಕ್ಟೋಬರ್. ಬೆಂಗಳೂರಿನ ಯಲಹಂಕದಲ್ಲಿ ಮಳೆನೀರು ನುಗ್ಗಿದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟ್ ಒಳಗೆ ರಬ್ಬರ್ ದೋಣಿ ಬಂದಿದ್ದು ನೆನಪಿದೆಯಾ? ನೀರಲ್ಲಿ ಸಿಕ್ಕ ಜನರನ್ನ ದೋಣಿ ಕಾಪಾಡ್ತು. ಸರಿ, ಬಿರುಗಾಳಿ ಬಂದ್ರೆ ದೋಣಿನ ಕಾಪಾಡೋದು ಹೇಗೆ?

ಉತ್ತರ ಬೇಕಂದ್ರೆ ಯಶವಂತಪುರದಲ್ಲಿ ಸಂಜೆ ರೈಲು ಹತ್ತಿ. ಬೆಳಗಾಗೋ ಹೊತ್ತಿಗೆ ಉಡುಪಿ. ಅಲ್ಲಿಂದ ಮಲ್ಪೆ ಬಂದರು ಹತ್ತಿರ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತದ ಅಬ್ಬರ ಕಂಡ ಕರಾವಳಿ ಇದು.

ಬಿರುಗಾಳಿಗೆ ಮುಂಚೆ ಬೋಟನ್ನ ಗಟ್ಟಿಯಾಗಿ ಬಿಗಿದು ಕಟ್ಟಿದ್ರೆ ಸಾಕು ಅಂದ್ಕೊಂಡ್ರಾ? ಅದೇ ತಪ್ಪು! ನೀರು ಏರಿದಾಗ ಬೋಟೂ ಏರಬೇಕು. ಸಡಿಲವೇ ಇಲ್ಲದ ಹಗ್ಗ ಒಂದೋ ಹರಿಯುತ್ತೆ, ಇಲ್ಲ ಕಟ್ಟಿದ ಗೂಟವನ್ನೇ ಕೀಳುತ್ತೆ. ಅದಕ್ಕೆ ಉದ್ದನೆಯ ಹಗ್ಗ, ಒಂದಕ್ಕೆ ಎರಡು, ಮುಂದೆ ಹಿಂದೆ ಎರಡೂ ಕಡೆ.

ಈಗ ಹತ್ತಿರದಿಂದ ನೋಡಿ. ಹಗ್ಗ ಬೋಟಿನ ಅಂಚಿಗೆ ತಾಗೋ ಜಾಗ. ರಾತ್ರಿಯಿಡೀ ಉಜ್ಜಿ ಉಜ್ಜಿ ಎಳೆ ಎಳೆಯಾಗಿ ಸವೆಯೋದು ಇಲ್ಲೇ. ಹಳೇ ರಬ್ಬರ್ ಪೈಪು ಸೀಳಿ ಹಗ್ಗಕ್ಕೆ ತೊಡಿಸಿ. ಬೋಟು ದಕ್ಕೆಗೆ, ಅಂದ್ರೆ ಬೋಟು ಕಟ್ಟೋ ಕಟ್ಟೆಗೆ, ಗುದ್ದದ ಹಾಗೆ ಮಧ್ಯೆ ಹಳೇ ಟೈರು ನೇತುಹಾಕಿ.

ಮೇಲಿನ ಟಾರ್ಪಾಲು, ಬಲೆ, ಡಬ್ಬ ಎಲ್ಲ ಇಳಿಸಿ. ಗಾಳಿಗೆ ಟಾರ್ಪಾಲು ಹಾಯಿ ಆಗ್ಬಿಡುತ್ತೆ. ತಳದ ನೀರು ಖಾಲಿ ಮಾಡಿ, ಪಂಪಿನ ಬ್ಯಾಟರಿ ಚಾರ್ಜ್ ಮಾಡಿಡಿ.

ಕೊನೇ ಮಾತು: ಕಾವಲಿಗೆ ಅಂತ ಬೋಟಲ್ಲೇ ಮಲಗಬೇಡಿ. ಮುರಿದ ಬೋಟು ರಿಪೇರಿ ಆಗುತ್ತೆ. ಹೋದ ಜೀವ ವಾಪಸ್ ಬರಲ್ಲ.