ಪಿಟೀಲಿನ ದನಿಗೆ ಬೆಳಕಿನ ದಾರಿ

ನಂಜನಗೂಡಿನ ಓದುಗರೊಬ್ಬರು ಕೇಳಿದ್ದಾರೆ: ‘ಕಂಪ್ಯೂಟರಿನಲ್ಲಿ ಪಿಟೀಲು ಚೌಡಯ್ಯನವರ ಹಳೆಯ ಧ್ವನಿಮುದ್ರಿಕೆಗಳಿವೆ. ರಿಸೀವರಿಗೆ ಜೋಡಿಸಿದರೆ ಹಿಂದೆ ಗುಂಯ್ ಎನ್ನುವ ಸದ್ದು ಬಿಡದು. ಆಪ್ಟಿಕಲ್ ಕಿಂಡಿಯೂ ಇದೆ. ಅದಕ್ಕೆ ಚಿನ್ನದ ಲೇಪನದ ಕೇಬಲ್ಲೇ ಬೇಕೆ?’

ಬೇಡ. ಅಗ್ಗದ್ದೇ ಸಾಕು.

ಆ ಗುಂಯ್ ಸದ್ದು ಬಹುಮಟ್ಟಿಗೆ ಅರ್ತಿಂಗಿನದು. ಎರಡು ಯಂತ್ರಗಳ ಅರ್ತ್ ನಡುವೆ ಅಲ್ಪ ವೋಲ್ಟೇಜ್ ವ್ಯತ್ಯಾಸವಿದ್ದರೂ ಆಡಿಯೊ ವೈರಿನ ಹೊರಕವಚದಲ್ಲಿ 50 ಹರ್ಟ್ಸ್ ವಿದ್ಯುತ್ ಹರಿಯುತ್ತದೆ. ಆ ವೈರಿನಲ್ಲಿ ಸಂಗೀತವೂ ವೋಲ್ಟೇಜೇ, ಗುಂಯ್‌ಗುಟ್ಟುವುದೂ ವೋಲ್ಟೇಜೇ. ತಿರುಮಕೂಡಲಿನಲ್ಲಿ ಕಪಿಲೆ ಕಾವೇರಿಯನ್ನು ಕೂಡಿದ ಮೇಲೆ ಯಾವ ಬೊಗಸೆ ಯಾವ ಹೊಳೆಯದೆಂದು ಯಾರು ಹೇಳಬಲ್ಲರು? ರಿಸೀವರಿನ ಪಾಡೂ ಅದೇ.

ಚೌಡಯ್ಯನವರು ಹುಟ್ಟಿದ್ದು ಆ ತಿರುಮಕೂಡಲಿನಲ್ಲೇ, 1895ರಲ್ಲಿ. ಮೈಕಿಲ್ಲದ ಸಭೆಗಳಲ್ಲಿ ಹಿಂದಿನ ಸಾಲಿನವರಿಗೂ ಪಿಟೀಲು ಕೇಳಿಸಲಿ ಎಂದು ನಾಲ್ಕು ತಂತಿಗಳಿಗೆ ಇನ್ನೂ ಮೂರು ಸೇರಿಸಿದವರು ಅವರು. ಅಷ್ಟು ಶ್ರಮದ ನಾದವನ್ನು ವಿದ್ಯುತ್ತಿನ ಗೊರಕೆಯಲ್ಲಿ ಮುಳುಗಿಸುವುದು ಅನ್ಯಾಯ.

ತೋಷಿಬಾ ಕಂಪನಿ 1983ರಲ್ಲಿ ತನ್ನ ಸಿ.ಡಿ. ಪ್ಲೇಯರಿಗೆಂದು ರೂಪಿಸಿದ ಟಾಸ್‌ಲಿಂಕ್, ಅಂದರೆ ನೀವು ಹೇಳಿದ ಆಪ್ಟಿಕಲ್ ಕಿಂಡಿಯ ಜೋಡಣೆ, ಇಲ್ಲಿ ನೆರವಿಗೆ ಬರುತ್ತದೆ. ಸೆಕೆಂಡಿಗೆ 44,100 ಬಾರಿ ಅಳೆದ ಧ್ವನಿ, ಒಂದೊಂದು ಅಳತೆಯೂ 16 ಬಿಟ್‌ನ ಸಂಖ್ಯೆಯಾಗಿ, ಕೆಂಪು ಎಲ್‌ಇಡಿಯ ಮಿಣುಕಿನಲ್ಲಿ ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಎಳೆಯೊಳಗೆ ಸಾಗುತ್ತದೆ. ಪ್ಲಾಸ್ಟಿಕ್ಕಿನಲ್ಲಿ ವಿದ್ಯುತ್ ಹರಿಯದು. ಅರ್ತಿನ ನಂಟು ಅಲ್ಲಿಗೇ ಕಡಿಯಿತು. ಸಂಖ್ಯೆಗಳನ್ನು ಮತ್ತೆ ನಾದವಾಗಿಸುವ ಕೆಲಸವೂ ಗದ್ದಲದ ಕಂಪ್ಯೂಟರ್ ಪೆಟ್ಟಿಗೆಯಿಂದ ರಿಸೀವರಿಗೆ ದಾಟುತ್ತದೆ. ಲಾಭವೆಲ್ಲ ಇಷ್ಟೇ, ಆದರೆ ಇದು ನಿಜವಾದ ಲಾಭ.

ಚಿನ್ನದ ಮಾತಿಗೆ ಬರೋಣ. ಬೆಳಕಿಗೆ ಚಿನ್ನದ ತುದಿಯಿಂದ ಏನೂ ಆಗಬೇಕಾದ್ದಿಲ್ಲ. ರಿಸೀವರ್ ನೋಡುವುದು ಬೆಳಕು ಇದೆಯೋ ಇಲ್ಲವೋ ಎಂಬುದನ್ನು ಮಾತ್ರ. ಕೇಬಲ್ ಕೆಟ್ಟರೆ ಮಂದ್ರ ಮಸುಕಾಗುವುದಿಲ್ಲ, ತಾರ ಮೊಂಡಾಗುವುದಿಲ್ಲ. ಸದ್ದು ತುಂಡುತುಂಡಾಗುತ್ತದೆ ಇಲ್ಲವೇ ನಿಂತೇ ಹೋಗುತ್ತದೆ. ‘ಈ ಕೇಬಲ್ಲಿನಿಂದ ನಾದ ಇನ್ನಷ್ಟು ಇಂಪು’ ಎಂಬ ಜಾಹೀರಾತನ್ನು ನಂಬಲು ಕಾರಣವಿಲ್ಲ. ಎಳೆಯನ್ನು ಚೂಪಾಗಿ ಮಡಚಬೇಡಿ, ತುದಿಯ ಪುಟ್ಟ ಮುಚ್ಚಳ ತೆಗೆಯಲು ಮರೆಯಬೇಡಿ.

ಜೋಡಿಸಿದ ಮೇಲೂ ಮೌನವಾಗಿದ್ದರೆ ಕಂಪ್ಯೂಟರಿನ ಸೌಂಡ್ ಸೆಟ್ಟಿಂಗಿನಲ್ಲಿ ಡಿಜಿಟಲ್ ಔಟ್‌ಪುಟ್ಟನ್ನೂ ರಿಸೀವರಿನಲ್ಲಿ ಆಪ್ಟಿಕಲ್ ಇನ್‌ಪುಟ್ಟನ್ನೂ ಆರಿಸಿ. ಸಿನಿಮಾದ ಆರು ವಾಹಿನಿಗಳ ಧ್ವನಿ ಈ ದಾರಿಯಲ್ಲಿ ಸಂಕುಚಿತ ರೂಪದಲ್ಲಷ್ಟೇ ಹೋದೀತು. ಅದನ್ನು ಇಡಿಯಾಗಿ ಒಯ್ಯಲು ಎಚ್‌ಡಿಎಂಐ ಬೇಕು.