ಎಂಜಿನ್ನಿನ ಉಸಿರು, ಉಣಕಲ್ಲಿನ ಧೂಳು

ಕಮ್ಮಾರನ ಕುಲುಮೆಯಲ್ಲಿ ಇದ್ದಿಲು ಎಷ್ಟೇ ಇರಲಿ, ತಿದಿ ಒತ್ತದಿದ್ದರೆ ಕಬ್ಬಿಣ ಕೆಂಪಾಗದು. ಬೆಂಕಿಗೆ ಉರುವಲಿನಷ್ಟೇ ಗಾಳಿಯೂ ಬೇಕು ಎಂಬ ಈ ಹಳೆಯ ಅರಿವೇ ಮೋಟಾರು ಕಾರಿನ ಎಂಜಿನ್ನಿಗೂ ಆಧಾರ. ಹೆಚ್ಚು ಗಾಳಿ ಒಳಗೆ ಹೋದರೆ ಹೆಚ್ಚು ಪೆಟ್ರೋಲನ್ನು ಉರಿಸಬಹುದು. ಹೆಚ್ಚು ಉರಿದರೆ ಹೆಚ್ಚು ಶಕ್ತಿ. ಈ ಸರಳ ಲೆಕ್ಕವನ್ನು ನಂಬಿಯೇ ಇಂದಿನ ಯುವಕರು ತಮ್ಮ ಕಾರಿನ ಏರ್ ಫಿಲ್ಟರ್ ಪೆಟ್ಟಿಗೆಯನ್ನು ಕಿತ್ತು, ಅದರ ಜಾಗದಲ್ಲಿ ಹೊರಗಿನಿಂದ ಕೊಂಡು ತಂದ ಅಗಲವಾದ ಕೊಳವೆಯನ್ನೂ ಶಂಕುವಿನಾಕಾರದ ಫಿಲ್ಟರನ್ನೂ ಕೂರಿಸುತ್ತಾರೆ.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಹಾದಿಯಲ್ಲಿ, ತನ್ನ ಕೆರೆಯಿಂದಲೂ ಚಂದ್ರಮೌಳೀಶ್ವರ ಗುಡಿಯಿಂದಲೂ ಹೆಸರಾದ ಉಣಕಲ್ ಒಂದು ಕಾಲಕ್ಕೆ ಬೇರೆಯೇ ಆದ ಹಳ್ಳಿ. ಈಗ ಅದು ಅವಳಿ ನಗರದ ಒಂದು ಭಾಗ. ಇಲ್ಲಿಯ ಹೊಸ ಬಡಾವಣೆಗಳಲ್ಲಿ ಭಾನುವಾರ ಬೆಳಿಗ್ಗೆ ಮನೆಯಂಗಳದಲ್ಲೇ ಬಾನೆಟ್ ಎತ್ತಿ, ಪಾನಾ ಹಿಡಿದು ನಿಂತ ತರುಣರು ಕಾಣಸಿಗುವುದುಂಟು. “ಫಿಲ್ಟರ್ ಬದ್ಲಿ ಮಾಡಿದ್ರ ಗಾಡಿ ಹಾರತೈತಿ ನೋಡ್ರಿ” ಎಂಬುದು ಅವರ ನಂಬಿಕೆ. ನಿಜಕ್ಕೂ ಹಾರುತ್ತದೆಯೇ? ಹಾರಿದರೆ ಎಷ್ಟು? ಅದಕ್ಕೆ ತೆರಬೇಕಾದ ಬೆಲೆ ಏನು?

ಸಣ್ಣ ಕಾರು, ದೊಡ್ಡ ಉತ್ಸಾಹ

ಇಂಥ ಪ್ರಯೋಗಗಳಿಗೆ ಹೆಚ್ಚಾಗಿ ಒಳಗಾಗುವುದು ‘ಹಾಟ್ ಹ್ಯಾಚ್’ ಎಂದು ಕರೆಯಲಾಗುವ ಕಾರುಗಳು. ಹಿಂಬಾಗಿಲು ಮೇಲಕ್ಕೆ ತೆರೆಯುವ ಸಣ್ಣ ಸಂಸಾರದ ಕಾರಿಗೆ ಬಲವಾದ ಎಂಜಿನ್ ಕೂರಿಸಿದರೆ ಅದೇ ಹಾಟ್ ಹ್ಯಾಚ್. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ 1976ರಲ್ಲಿ ಮಾರುಕಟ್ಟೆಗೆ ತಂದ ಗಾಲ್ಫ್ ಜಿಟಿಐ ಈ ವರ್ಗವನ್ನು ಜಗತ್ತಿಗೆ ಪರಿಚಯಿಸಿದ ಕಾರುಗಳಲ್ಲಿ ಮುಖ್ಯವಾದದ್ದು. 1.6 ಲೀಟರಿನ ಅದರ ಎಂಜಿನ್ 110 ಅಶ್ವಶಕ್ತಿ ಕೊಡುತ್ತಿತ್ತು.

ಭಾರತದಲ್ಲಿ ಆ ಗಾಳಿ ತಡವಾಗಿ ಬೀಸಿತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ನಮ್ಮ ಮಧ್ಯಮ ವರ್ಗಕ್ಕೆ ಸಣ್ಣ ಕಾರಿನ ರುಚಿ ಹತ್ತಿಸಿತಾದರೂ ಅದರ ಗುಣ ಮಿತವ್ಯಯವೇ ಹೊರತು ವೇಗವಲ್ಲ. 2001ರಲ್ಲಿ ಫಿಯಟ್ ಪಾಲಿಯೊ 1.6 ಬಂದಾಗ ಸಣ್ಣ ಕಾರಿನಲ್ಲಿ ಸುಮಾರು ನೂರು ಅಶ್ವಶಕ್ತಿ ಸಾಧ್ಯವೆಂಬುದು ಇಲ್ಲಿಯವರಿಗೂ ತಿಳಿಯಿತು. ಮುಂದೆ 2013ರಲ್ಲಿ ಪೋಲೊ ಜಿಟಿ ಟಿಎಸ್‌ಐ, 2017ರಲ್ಲಿ ಬಲೆನೊ ಆರ್‌ಎಸ್, 2021ರಲ್ಲಿ ಐ20 ಎನ್ ಲೈನ್, 2024ರಲ್ಲಿ ಆಲ್ಟ್ರೋಜ್ ರೇಸರ್ ಬಂದವು. ಈ ಕೊನೆಯ ನಾಲ್ಕೂ ಟರ್ಬೊ ಎಂಜಿನ್ನಿನವು. ಎಂದರೆ ಹೊಗೆಯ ಒತ್ತಡದಿಂದಲೇ ತಿರುಗುವ ಒಂದು ಚಕ್ರ ಗಾಳಿಯನ್ನು ಬಲವಂತವಾಗಿ ಎಂಜಿನ್ನಿನೊಳಗೆ ತುಂಬುತ್ತದೆ. ಕಮ್ಮಾರನ ತಿದಿಯ ಆಧುನಿಕ ಅವತಾರ ಎನ್ನಬಹುದು.

ಹತ್ತು ಸಾವಿರ ಲೀಟರ್ ಗಾಳಿ

ಒಂದು ಎಂಜಿನ್ ಎಷ್ಟು ಗಾಳಿ ಕುಡಿಯುತ್ತದೆ ಎಂಬುದನ್ನು ಕೇಳಿದರೆ ಆಶ್ಚರ್ಯವಾಗಬಹುದು. ಒಂದು ತೂಕ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ತೂಕ ಗಾಳಿ ಬೇಕು. ಒಂದು ಲೀಟರ್ ಪೆಟ್ರೋಲಿನ ತೂಕ ಮುಕ್ಕಾಲು ಕಿಲೋದಷ್ಟು. ಈ ಲೆಕ್ಕದಲ್ಲಿ ಅದಕ್ಕೆ ಬೇಕಾಗುವ ಗಾಳಿ ಹತ್ತಿರ ಹತ್ತಿರ 11 ಕಿಲೋ. ಹುಬ್ಬಳ್ಳಿಯ ಗಾಳಿಯನ್ನು ಅಳೆದರೆ ಅದು ಸುಮಾರು ಹತ್ತು ಸಾವಿರ ಲೀಟರ್ ಆಗುತ್ತದೆ. ಉಣಕಲ್ಲಿನಿಂದ ಧಾರವಾಡಕ್ಕೆ ಹೋಗಿಬರುವಷ್ಟರಲ್ಲಿ ನಮ್ಮ ಕಾರು ಒಂದು ಕೋಣೆ ತುಂಬುವಷ್ಟು ಗಾಳಿಯನ್ನು ಸೇದಿರುತ್ತದೆ.

ನಮ್ಮ ಊರು ಸಮುದ್ರ ಮಟ್ಟದಿಂದ ಸುಮಾರು 2,200 ಅಡಿ ಎತ್ತರದಲ್ಲಿದೆ. ಉಷ್ಣತೆ ಒಂದೇ ಇದ್ದರೂ ಕಾರವಾರದ ಗಾಳಿಗಿಂತ ಇಲ್ಲಿಯದು ನೂರಕ್ಕೆ ಏಳೆಂಟು ಪಾಲು ತೆಳು. ಆದ್ದರಿಂದ ಎಂಜಿನ್ನಿಗೆ ಇನ್ನಷ್ಟು ಗಾಳಿ ಕೊಡಬೇಕೆಂಬ ಆಸೆ ತಪ್ಪಲ್ಲ. ಆದರೆ ಗಾಳಿಯ ಜೊತೆಗೆ ಬರುವುದೇನು ಎಂಬುದೇ ಪ್ರಶ್ನೆ.

ಧಾರವಾಡದ ಕಡೆಗೆ ಕೆಂಪು ಮಣ್ಣು, ಹುಬ್ಬಳ್ಳಿಯ ಕಡೆಗೆ ಎರೆಮಣ್ಣು. ಉಣಕಲ್ ಇರುವುದು ಎರಡರ ನಡುವೆ. ಬೇಸಿಗೆಯಲ್ಲಿ ಒಣಗಿ ಬಿರಿದ ಎರೆ ಗಾಲಿಗೆ ಸಿಕ್ಕಿ ಹಿಟ್ಟಾಗುತ್ತದೆ. 2018ರಲ್ಲಿ ಚಿಗರಿ ಬಸ್ಸುಗಳು ಓಡತೊಡಗುವುದಕ್ಕೆ ಮೊದಲು ಅವಳಿ ನಗರದ ನಡುವಿನ ರಸ್ತೆಯನ್ನು ಅಗೆದು ಅಗಲಗೊಳಿಸಿದ ವರ್ಷಗಳಲ್ಲಿ ಎದ್ದ ಧೂಳನ್ನು ಈ ಭಾಗದ ಜನ ಮರೆತಿರಲಾರರು. ಮಣ್ಣಿನಲ್ಲೂ ಕಲ್ಲಿನ ಪುಡಿಯಲ್ಲೂ ಇರುವ ಸಿಲಿಕಾ ಎಂಜಿನ್ನಿನ ಕಬ್ಬಿಣಕ್ಕಿಂತ ಗಟ್ಟಿ. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಅದರ ಹತ್ತನೆಯ ಒಂದು ಪಾಲಿನಷ್ಟು ಸಣ್ಣ ಕಣವೂ ಪಿಸ್ಟನ್ನಿನ ರಿಂಗು ಮತ್ತು ಸಿಲಿಂಡರಿನ ಗೋಡೆಯ ನಡುವೆ ಇರುವ ಎಣ್ಣೆಯ ಪೊರೆಯಲ್ಲಿ ಸೇರಿಕೊಂಡರೆ ಸಾಣೆಕಲ್ಲಿನಂತೆ ತಿಕ್ಕತೊಡಗುತ್ತದೆ. ಟರ್ಬೊ ಇದ್ದರೆ ಮತ್ತೂ ಕಷ್ಟ. ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಅದರ ಎಲೆಗಳಿಗೆ ಮರಳಿನ ಒಂದೊಂದು ಹರಳೂ ಒಂದೊಂದು ಪೆಟ್ಟು.

ನಮ್ಮ ರೈತರಿಗೆ ಇದು ಹೊಸ ವಿಷಯವಲ್ಲ. ಹಳೆಯ ಟ್ರ್ಯಾಕ್ಟರು, ಜೀಪುಗಳಲ್ಲಿ ‘ಆಯಿಲ್ ಬಾತ್’ ಎಂಬ ವ್ಯವಸ್ಥೆ ಇತ್ತು. ಒಳಬರುವ ಗಾಳಿ ಎಣ್ಣೆ ತುಂಬಿದ ಬಟ್ಟಲಿಗೆ ಬಡಿದು ತಿರುಗುವಾಗ ಧೂಳು ಎಣ್ಣೆಗೆ ಅಂಟಿಕೊಳ್ಳುತ್ತಿತ್ತು. ನೇಗಿಲು ಹೊಡೆಯುವ ಹಂಗಾಮಿನಲ್ಲಿ ಆ ಬಟ್ಟಲನ್ನು ಬಿಚ್ಚಿ, ಕೆಸರಾದ ಎಣ್ಣೆ ಚೆಲ್ಲಿ, ಹೊಸ ಎಣ್ಣೆ ಹಾಕುವುದು ಡ್ರೈವರನ ನಿತ್ಯದ ಕೆಲಸಗಳಲ್ಲೊಂದು. ಕಾರುಗಳಲ್ಲಿ ಆ ಜಾಗಕ್ಕೆ ಮಡಿಕೆ ಮಡಿಕೆಯಾದ ಕಾಗದದ ಫಿಲ್ಟರು ಬಂತು. ಮಡಿಕೆಗಳಿಂದಾಗಿ ಸಣ್ಣ ಪೆಟ್ಟಿಗೆಯೊಳಗೇ ಅಗಲವಾದ ಕಾಗದ ಹಿಡಿಸುತ್ತದೆ. ಹೀಗಾಗಿ ಧೂಳನ್ನು ತಡೆದರೂ ಗಾಳಿಗೆ ಅದು ಒಡ್ಡುವ ತಡೆ, ಫಿಲ್ಟರು ಸ್ವಚ್ಛವಾಗಿರುವ ತನಕ, ಬಲು ಕಡಿಮೆ.

ಮನೆಯಲ್ಲಿ ಜೋಡಿಸುವ ಬಗೆ

ಪೇಟೆಯಲ್ಲಿ ಸಿಗುವ ಬದಲಿ ಸಾಮಾನು ಮೂರು ಬಗೆಯದು. ಮೂಲ ಪೆಟ್ಟಿಗೆಯೊಳಗೇ ಕೂರುವ, ತೊಳೆದು ಮತ್ತೆ ಬಳಸಬಹುದಾದ ಹತ್ತಿ ಬಟ್ಟೆಯ ಫಿಲ್ಟರು ಮೊದಲನೆಯದು. ಪೆಟ್ಟಿಗೆಯನ್ನೇ ತೆಗೆದು ಬಾನೆಟ್ಟಿನ ಕೆಳಗೆ ಬರಿದೇ ನಿಲ್ಲಿಸುವ ಶಂಕುವಿನಾಕಾರದ ಫಿಲ್ಟರು ಎರಡನೆಯದು. ಉದ್ದ ಕೊಳವೆಯ ಮೂಲಕ ಬಂಪರಿನ ಹಿಂದೆ, ತಂಪು ಗಾಳಿ ಸಿಗುವ ಕಡೆ ಫಿಲ್ಟರನ್ನು ಇಳಿಸುವುದು ಮೂರನೆಯದು.

ಜೋಡಣೆಗೆ ಬೇಕಾದದ್ದು ಸ್ಕ್ರೂ ಡ್ರೈವರು, ಒಂದೆರಡು ಪಾನಾ, ಒಂದೆರಡು ತಾಸು. ಎಂಜಿನ್ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಬೇಕು. ಪೆಟ್ಟಿಗೆಯ ಕ್ಲಿಪ್ಪುಗಳನ್ನು ಸಡಿಲಿಸಿ, ಗಾಳಿಯ ಸೆನ್ಸರು ಅಲ್ಲಿದ್ದರೆ ಅದರ ಪ್ಲಗ್ಗನ್ನು ಎಳೆಯದೆ, ಅದರ ಕೊಂಡಿ ಒತ್ತಿ ಬಿಡಿಸಬೇಕು. ಎಂಜಿನ್ನಿನ ಒಳಗಿನ ಆವಿಯನ್ನು ಹೊರತರುವ ಸಣ್ಣ ರಬ್ಬರು ಕೊಳವೆಯನ್ನು ಮರೆಯಬಾರದು; ಹೊಸ ಕೊಳವೆಯಲ್ಲೂ ಅದಕ್ಕೆ ಜಾಗವಿರಬೇಕು. ಪೆಟ್ಟಿಗೆ ತೆಗೆದ ಕೂಡಲೇ ತೆರೆದುಕೊಂಡ ಬಾಯಿಗೆ ಸ್ವಚ್ಛ ಬಟ್ಟೆ ತುರುಕುವುದು ಒಳ್ಳೆಯದು. ಜಾರಿ ಒಳಗೆ ಬಿದ್ದ ಒಂದು ಸಣ್ಣ ಸ್ಕ್ರೂ ಎಂಜಿನ್ನನ್ನೇ ನುಂಗೀತು. ಎಂಜಿನ್ ಶುರು ಮಾಡುವ ಮುನ್ನ ಆ ಬಟ್ಟೆಯನ್ನು ತೆಗೆಯುವುದೂ ಅಷ್ಟೇ ಮುಖ್ಯ. ಕೊನೆಗೆ ಕ್ಲಾಂಪುಗಳನ್ನು ಬಿಗಿದು, ಎಂಜಿನ್ ನಡೆಸಿ, ಸಂದುಗಳಲ್ಲಿ ಸುಯ್ ಎನ್ನುವ ಸದ್ದು ಬರುತ್ತಿದೆಯೇ ಎಂದು ಕಿವಿಗೊಡಬೇಕು. ಫಿಲ್ಟರು ದಾಟಿದ ಮೇಲಿನ ಸಂದಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಶೋಧಿಸದ ಗಾಳಿ ನೇರವಾಗಿ ಒಳಗೆ ಹೋಗುತ್ತದೆ. ಮನೆಯ ಜೋಡಣೆಗಳಲ್ಲಿ ಎಂಜಿನ್ ಸವೆಯಲು ಈ ಸಂದೇ ದಾರಿ.

ಹತ್ತಿಯ ಫಿಲ್ಟರಿಗೆ ಎಣ್ಣೆ ಸವರುವುದರಲ್ಲೂ ಹದ ಬೇಕು. ಎಣ್ಣೆ ಕಡಿಮೆಯಾದರೆ ಧೂಳು ನುಸುಳುತ್ತದೆ. ಹೆಚ್ಚಾದರೆ ಗಾಳಿಯೊಡನೆ ಹಾರಿ, ಅದನ್ನು ಅಳೆಯುವ ಸೆನ್ಸರಿನ ಬಿಸಿ ತಂತಿಗೆ ಅಂಟುತ್ತದೆ. ಆಗ ಕಂಪ್ಯೂಟರಿನ ಲೆಕ್ಕ ತಪ್ಪಿ, ಎಂಜಿನ್ ಎಡವತೊಡಗುತ್ತದೆ.

ಲಾಭವೆಷ್ಟು?

ಇಷ್ಟೆಲ್ಲ ಮಾಡಿದರೆ ದಕ್ಕುವುದು, ಬೇರೆ ಬದಲಾವಣೆ ಇಲ್ಲದಿದ್ದರೆ, ಕೆಲವೇ ಅಶ್ವಶಕ್ತಿ. ಟರ್ಬೊ ಎಂಜಿನ್ನಿನಲ್ಲಿ ಎಷ್ಟು ಒತ್ತಡದ ಗಾಳಿ ಬೇಕೆಂಬುದನ್ನು ಕಂಪ್ಯೂಟರೇ ನಿರ್ಧರಿಸುತ್ತದೆ. ಬಾಯಿ ಅಗಲ ಮಾಡಿದ ಮಾತ್ರಕ್ಕೆ ಅದು ತನ್ನ ಗುರಿಯನ್ನು ಬದಲಿಸದು. ಅದರ ಮೇಲೆ ಎರಡನೆಯ ಬಗೆಯ ಫಿಲ್ಟರು ಸೇದುವುದು ಬಾನೆಟ್ಟಿನೊಳಗಿನ ಬಿಸಿ ಗಾಳಿಯನ್ನು. ಹೊರಗೆ 35 ಡಿಗ್ರಿ ಇರುವಾಗ ಒಳಗಿನ ಗಾಳಿ 60 ಡಿಗ್ರಿ ಆಗಿದ್ದರೆ, ಅಷ್ಟೇ ಜಾಗದಲ್ಲಿ ಹಿಡಿಸುವ ಗಾಳಿ ನೂರಕ್ಕೆ ಏಳೆಂಟು ಪಾಲು ಕಡಿಮೆ. ಟರ್ಬೊ ಕಾರಿನ ಇಂಟರ್‌ಕೂಲರ್ ಈ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಡುತ್ತದಾದರೂ ಸಾದಾ ಎಂಜಿನ್ನಿಗೆ ಆ ಭಾಗ್ಯವಿಲ್ಲ. ಅಲ್ಲಿ ಬಲ ಕೂಡುವ ಬದಲು ಕಳೆಯಬಹುದು.

ಮೂರನೆಯ ಬಗೆಗೆ ತಂಪು ಗಾಳಿಯೇನೋ ಸಿಗುತ್ತದೆ. ಆದರೆ ಅದು ನೆಲಕ್ಕೆ ಹತ್ತಿರ. ಕೆರೆ ಕೋಡಿ ಬಿದ್ದು, ನಾಲೆ ಉಕ್ಕಿ, ರಸ್ತೆಯ ಮೇಲೆ ನೀರು ನಿಂತ ದಿನ ಅದೇ ಕೊಳವೆ ನೀರನ್ನು ಸೇದಬಹುದು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಮೇಲೆ ಬಂದ ಪಿಸ್ಟನ್ ನೀರಿಗೆ ಗುದ್ದಿ ಕನೆಕ್ಟಿಂಗ್ ರಾಡು ಬಾಗಿದರೆ ಮುಂದಿನ ಖರ್ಚು ಕೊಳವೆಯ ಬೆಲೆಗೆ ಎಷ್ಟೋ ಪಟ್ಟು.

ಹಾಗಾದರೆ ಹಾಕಿಸಿಕೊಂಡವರಿಗೆ ಗಾಡಿ ಹಾರಿದಂತೆ ಅನ್ನಿಸುವುದೇಕೆ? ಉತ್ತರ ಕಿವಿಯಲ್ಲಿದೆ. ಕಂಪನಿಯ ಪೆಟ್ಟಿಗೆ ಧೂಳನ್ನಷ್ಟೇ ಅಲ್ಲ, ಗಾಳಿ ಸೇದುವ ಸದ್ದನ್ನೂ ತಡೆಯುತ್ತದೆ. ಅದಕ್ಕೆಂದೇ ಅದರಲ್ಲಿ ಪೊಳ್ಳು ಗೂಡುಗಳಿರುತ್ತವೆ. ಪೆಟ್ಟಿಗೆ ಹೋದರೆ ಆ ಗುಟುರು ಹೊರಗೆ ಕೇಳುತ್ತದೆ. ಕಾರ ಹುಣ್ಣಿಮೆಯ ದಿನ ನಮ್ಮ ರೈತ ಎತ್ತಿನ ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ ಓಡಿಸುತ್ತಾನೆ. ಗೆಜ್ಜೆಯಿಂದ ಎತ್ತಿನ ಬಲ ಹೆಚ್ಚುವುದಿಲ್ಲವೆಂದು ಅವನಿಗೆ ಗೊತ್ತು. ಆದರೂ ಆ ಸದ್ದಿನಲ್ಲಿ ಅವನ ಅಭಿಮಾನವಿದೆ. ತರುಣರ ಈ ಹವ್ಯಾಸವೂ ಅದೇ ಜಾತಿಯದು. ಒಂದೇ ವ್ಯತ್ಯಾಸವೆಂದರೆ, ಗೆಜ್ಜೆ ಕಟ್ಟಲು ಯಾರೂ ಎತ್ತಿನ ಮೂಗನ್ನು ಧೂಳಿಗೆ ಒಡ್ಡುವುದಿಲ್ಲ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ ಆಗಬಹುದು. ಕಂಪನಿಯ ವಾರಂಟಿಗೆ ತಕರಾರು ಬರುವ ಸಂಭವ ಬೇರೆ.

ಆಸೆ ತಡೆಯದವರಿಗೆ ಅಪಾಯ ಕಡಿಮೆ ಇರುವುದು ಮೊದಲನೆಯ ಬಗೆಯಲ್ಲೇ. ಮೂಲ ಪೆಟ್ಟಿಗೆ ಇದ್ದಲ್ಲೇ ಇರಲಿ, ತೆಗೆದ ಸಾಮಾನನ್ನು ಗುಜರಿಗೆ ಹಾಕದೆ ಎತ್ತಿಡಲಿ. ಏನೂ ಬದಲಿಸದವರಿಗೂ ಒಂದು ಕೆಲಸವುಂಟು. ಪುಸ್ತಕದಲ್ಲಿ ಬರೆದ ಕಿಲೋಮೀಟರಿನ ಗಡುವು ಧೂಳಿಲ್ಲದ ರಸ್ತೆಗೆ. ನಮ್ಮಂಥ ಊರಿನಲ್ಲಿ ಅದಕ್ಕೂ ಮೊದಲೇ ಕಾಗದದ ಫಿಲ್ಟರನ್ನು ತೆಗೆದು ನೋಡಿ, ಕಪ್ಪಾಗಿದ್ದರೆ ಬದಲಿಸಬೇಕು. ಕೆಲವು ನೂರು ರೂಪಾಯಿಯ ಆ ಕಾಗದ ಹೊಸತಾಗಿದ್ದರೆ, ಎಂಜಿನ್ ಕಳೆದುಕೊಂಡಿದ್ದ ಉಸಿರಿನ ಬಹುಪಾಲು ಅಷ್ಟರಲ್ಲೇ ಮರಳಿ ಬರುತ್ತದೆ.